ಅಕ್ಕ ಹಾಸಿದ ಕಲ್ಲುದಾರಿ

ಬಾ, ಈ ಕಡೆ ತಿರುಗಿ ಮಲ್ಕೋ, ಕೌದಿ ಕಾಲ ತನಕ ಎಳ್ಕೋ. ರಾಜನ ಕತೆ ಬೇಡವಾ? ಸರಿ, ಹೂವಾಡಗಿತ್ತಿ ಕತೆ ಹೇಳ್ತೀನಿ. ಸ್ವಲ್ಪ ಕಹಿ ಇರುತ್ತೆ, ಇರಲಿ.

ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬೀಳದೆ ಇದ್ದ ಕಾಲದಲ್ಲಿ, ಒಂದು ಎರೆನೆಲದ ಊರಲ್ಲಿ ಹಾಲಮ್ಮ ಅಂತ ಒಬ್ಬಳು ಇದ್ಳಂತೆ. ಎರೆನೆಲ ಅಂದ್ರೆ ಕರೀ ಮಣ್ಣು ಕಣೇ. ಬೇಸಿಗೇಲಿ ಕೈ ತೂರೋ ಹಂಗೆ ಬಿರುಕು ಬಿಡುತ್ತೆ, ಒಂದು ಮಳೆ ಬಿತ್ತು ಅಂದ್ರೆ ಅಂಟು ಅಂಟು, ಕಾಲಿಟ್ರೆ ಕಾಲು ಬರಲ್ಲ, ಕಾಲು ಬಂದ್ರೆ ಮೆಟ್ಟು ಬರಲ್ಲ. ಅಂಥ ನೆಲದಲ್ಲಿ ಹಾಲಮ್ಮನ ಗಂಡ ಬೊಮ್ಮಯ್ಯ ಮನೆ ಹಿಂದೆ ಹೂವಿನ ತೋಟ ಮಾಡಿದ್ನಂತೆ. ಸೇವಂತಿಗೆ, ಕನಕಾಂಬರ, ಕಾಕಡ, ಅಂಚಿಗೆಲ್ಲ ಮರುಗ, ದವನ, ನಡುವೆ ಒಂದು ಬಾವಿ, ಸುತ್ತ ಕತ್ತಾಳೆ ಬೇಲಿ. ಬೆಳಿಗ್ಗೆ ಎದ್ದು ಅವನು ಹೂ ಬಿಡಿಸೋನಂತೆ, ಅವಳು ಜಗಲಿ ಮೇಲೆ ಕೂತು ಕಟ್ಟೋಳಂತೆ, ಆಮೇಲೆ ಅವನು ಬುಟ್ಟಿ ಹೊತ್ಕೊಂಡು ಸಂತೆಗೆ ಹೋಗೋನಂತೆ. ಉಣ್ಣೋಕೆ ಉಡೋಕೆ ಕೊರತೆ ಇರಲಿಲ್ಲ. ಮಕ್ಕಳಿರಲಿಲ್ಲ, ಅಷ್ಟೆ.

ಅದಕ್ಕೆ ಹಾಲಮ್ಮ ಪಡದ ಪಾಡಿಲ್ಲ. ಮೊದಲು ಒದ್ದೆ ಸೀರೇಲಿ ನಾಗರಕಟ್ಟೆ ಸುತ್ತಿದ್ಳಂತೆ. ಆಮೇಲೆ ಬರಿಗಾಲಲ್ಲಿ ಗುಡ್ಡ ಹತ್ತಿ, ಮೇಲಿನ ದೇವಿ ಗುಡಿ ಮರಕ್ಕೆ ಬಟ್ಟೆ ತೊಟ್ಟಿಲು ಕಟ್ಟಿ ಬಂದ್ಳಂತೆ. ಆಮೇಲೆ ಯಾರೋ ಹೇಳಿದ್ರು ಅಂತ ಪಕ್ಕದೂರಿನ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸ್ಕೊಂಡು ಬಂದು ತಿಂದ್ಳಂತೆ. ಏನೂ ಆಗಲಿಲ್ಲ. ಊರೋರು ನಾಮಕರಣ ಅಂದ್ರೆ ಅವಳ ಹತ್ರಾನೇ ಹೂ ಕಟ್ಟಿಸ್ಕೊಳ್ಳೋರಂತೆ, ತೊಟ್ಟಿಲ ಹತ್ರಕ್ಕೆ ಮಾತ್ರ ಅವಳನ್ನ ಕರೀತಿರಲಿಲ್ಲವಂತೆ.

ಬೊಮ್ಮಯ್ಯ ಬಾಯಿಬಿಟ್ಟು ಒಂದು ಮಾತು ಅಂದೋನಲ್ಲ. ಆದರೆ ಒಂದು ದಿವಸ ಇಬ್ರೂ ಸಂತೆಯಿಂದ ವಾಪಸ್ ಬರ್ತಿರುವಾಗ, ಯಾರೋ ಒಬ್ಬ ತನ್ನ ಮಗೂನ ಹೆಗಲ ಮೇಲೆ ಕೂರಿಸ್ಕೊಂಡು ಎದುರಿಗೆ ಬಂದ್ನಂತೆ, ಬೊಮ್ಮಯ್ಯ ತಲೆ ಮೇಲಿನ ಬುಟ್ಟಿ ಕೆಳಗಿಳಿಸಿ, ಅವರು ಮರೆಯಾಗೋ ತನಕ ನೋಡ್ತಾ ನಿಂತುಬಿಟ್ನಂತೆ. ಹಾಲಮ್ಮ ಅದನ್ನ ನೋಡಿಬಿಟ್ಳು. ಬೈದಿದ್ರೆ ತಡ್ಕೋತಿದ್ಳೇನೋ, ಅವನು ಹಂಗೆ ನಿಂತಿದ್ದನ್ನ ತಡ್ಕೊಳ್ಳೋಕೆ ಆಗಲಿಲ್ಲವಂತೆ.

ಆಮೇಲೆ ಅವಳು ಒಬ್ಬಳೇ ತವರಿಗೆ ಹೋದ್ಳಂತೆ. ತವರಲ್ಲಿ ತಾಯಿ ಇದ್ಳು, ತಾಯಿ ಜೊತೆ ತಂಗಿ ಸಿರಿಯಮ್ಮ ಇದ್ಳು, ಎಲ್ರೂ ಸಿರಿ ಅನ್ನೋರು. ಹಾಲಮ್ಮ ಮದುವೆಯಾಗಿ ಹೊರಟಾಗ ಈ ಸಿರಿ ಇನ್ನೂ ಸೊಂಟದ ಮೇಲಿನ ಕೂಸು, ಅಕ್ಕನ ಸೆರಗು ಹಿಡ್ಕೊಂಡು ಬಿಡಲ್ಲ ಅಂತ ಅತ್ತಿದ್ಳಂತೆ. ಈಗ ಬೆಳೆದು ನಿಂತಿದ್ಳು. ಹಾಲಮ್ಮ ತಾಯಿ ಮುಂದೆ ಕೂತು, ಅವ್ವಾ, ಸಿರೀನ ನಮ್ಮನೆಯವರಿಗೆ ತಂದ್ಕೋತೀನಿ, ಕೊಡು ಅಂದ್ಳಂತೆ. ತಾಯಿ ರಾಗಿ ಬೀಸ್ತಿದ್ದೋಳು ಕೈ ನಿಲ್ಲಿಸಿ, ಯೋಚನೆ ಮಾಡಿದ್ದೀಯೇನೇ, ನಾಳೆ ಹೊಟ್ಟೆ ಉರ್ಕೊಳ್ಳೋದು ನೀನಾದ್ರೂ ಅವಳಾದ್ರೂ ಎರಡೂ ನಾನು ಹೆತ್ತಿದ್ದೇ ಅಲ್ವಾ ಅಂದ್ಳಂತೆ. ಅದಕ್ಕೆ ಹಾಲಮ್ಮ, ಹೊರಗಿನೋಳು ಬಂದ್ರೆ ನನ್ನ ಮೂಲೆಗೆ ತಳ್ತಾಳೆ, ಸಿರಿ ಬಂದ್ರೆ ಅಕ್ಕ ಅಂತಾಳೆ, ಅವಳ ಮಗು ನನ್ನ ಮಡಿಲಲ್ಲೂ ಮಲಗುತ್ತೆ ಅವ್ವಾ ಅಂದ್ಳಂತೆ. ತಾಯಿ ಕಣ್ಣೊರೆಸ್ಕೊಂಡು ಹೂಂ ಅಂದ್ಳಂತೆ. ಸಿರಿ ಆಗ ಕೊಟ್ಟಿಗೇಲಿ ಸಗಣಿ ಬಾಚ್ತಿದ್ಳು. ಅವಳನ್ನ ಯಾರೂ ಕೇಳಲಿಲ್ಲ.

ಬೊಮ್ಮಯ್ಯನಿಗೆ ಹೇಳಿದ್ರೆ, ಛೇ ಛೇ, ಅದೆಂಥ ಮಾತು ಆಡ್ತೀಯೇ ಅಂದ್ನಂತೆ. ಮಾರನೇ ದಿವಸ ಹೇಳಿದ್ರೆ ಸುಮ್ಮನಿದ್ನಂತೆ. ಅದರ ಮಾರನೇ ದಿವಸ, ನಿನ್ನಿಷ್ಟ ಕಣೆ ಅಂದ್ನಂತೆ. ಮದುವೆ ಆಯ್ತು. ಮದುಮಗಳ ದಂಡೆ ಹಾಲಮ್ಮನೇ ಕೂತು ಕಟ್ಟಿದ್ಳಂತೆ. ಸಿರಿ ಚಿಕ್ಕಂದಿನಿಂದ ಬೊಮ್ಮಯ್ಯನನ್ನ ಭಾವ ಅನ್ನೋಳು, ತಾಳಿ ಬಿದ್ದ ಮೇಲೂ ಭಾವ ಅಂತಾನೇ ಅಂದ್ಳಂತೆ. ಊರ ಹೆಂಗಸರೆಲ್ಲ ಬಾಯಿಗೆ ಸೆರಗು ಇಟ್ಕೊಂಡು ನಕ್ಕರಂತೆ, ಅವಳು ಮಾತ್ರ ಆ ಮಾತು ಬದಲಾಯಿಸಲೇ ಇಲ್ಲವಂತೆ.

ಇರೋದು ಒಂದೇ ಅಂಕಣದ ಮನೆ. ಎಲ್ಲರೂ ಅಲ್ಲೇ ಇರೋಕಾಗುತ್ತಾ? ಹಾಲಮ್ಮನೇ ಗಂಡನಿಗೆ, ತೋಟದ ಆ ತುದೀಲಿ ಇನ್ನೊಂದು ಮನೆ ಕಟ್ಟಿ, ಆ ಕಡೆ ಗಾಡಿದಾರಿಗೆ ಒಂದು ಬಾಗಿಲು, ಈ ಕಡೆ ತೋಟಕ್ಕೆ ಒಂದು ಬಾಗಿಲು ಇರಲಿ ಅಂದ್ಳಂತೆ. ಅವನು ಕಟ್ಟಿದ್ನಂತೆ. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ ಅಂತ ಮಾತಾಗಿತ್ತಂತೆ. ಆ ಮಾತು ಯಾವಾಗ ಮರೆತುಹೋಯ್ತೋ ಯಾರಿಗೂ ನೆನಪಿಲ್ಲ. ಬೆಳಗೆಲ್ಲ ತೋಟದಲ್ಲಿ ಇರೋನು, ಹೊತ್ತು ಮುಳುಗೋಕೆ ಹಾಲಮ್ಮನ ಮನೇಲಿ ಉಂಡು ಕೈ ತೊಳೆದು ಆ ಕಡೆ ನಡೆದುಬಿಡೋನು.

ಆದರೆ ಮಳೆಗಾಲದಲ್ಲಿ ಹಂಗಾಗ್ತಿರಲಿಲ್ಲ. ಮಳೆ ಬಿದ್ರೆ ತೋಟ ದಾಟೋಕಾಗ್ತಿರಲಿಲ್ಲ, ಮೊಣಕಾಲ ತನಕ ಹುಗೀತಿತ್ತು. ಸುತ್ತಿ ಹೋಗೋಣ ಅಂದ್ರೆ ಹಳ್ಳ ತುಂಬಿ ಹರೀತಿತ್ತು. ಆಗ ಬೊಮ್ಮಯ್ಯ ಹಾಲಮ್ಮನ ಮನೇಲೇ ಉಳ್ಕೊಳ್ಳೋನಂತೆ. ಅವಳು ಹುರುಳಿ ಹುರಿದು, ಬೆಲ್ಲ ಪುಡಿ ಮಾಡಿ ಮುಂದಿಡೋಳಂತೆ, ಇಬ್ರೂ ಒಲೆ ಮುಂದೆ ಕೂತು, ಯಾವ ಹೂವಿಗೆ ಯಾವ ರೋಗ ಬಂತು, ಯಾರ ಮಗಳಿಗೆ ಎಲ್ಲಿ ಗಂಡು ನೋಡಿದ್ರು ಅಂತ ಮಾತಾಡೋರಂತೆ, ಮೊದಲಿನ ಹಂಗೆ. ಮಳೆಗಾಲ ಬಂತು ಅಂದ್ರೆ ಹಾಲಮ್ಮನ ಮುಖಕ್ಕೆ ಕಳೆ ಬರ್ತಿತ್ತಂತೆ. ಇದರಿಂದ ಬಂತು ಅಂತ ಅವಳು ತನಗೆ ತಾನೂ ಹೇಳ್ಕೊಂಡಿರಲಿಲ್ಲ, ಪಾಪ.

ಆಮೇಲೆ ಸಿರಿ ಬಸುರಿಯಾದ್ಳಂತೆ. ಹಾಲಮ್ಮನಿಗೆ ನೆಲ ಕಾಲಿಗೆ ತಾಗ್ತಿರಲಿಲ್ಲ. ಇಂಥದ್ದು ಬೇಕು ಅನ್ನೋಕ್ಮುಂಚೆ ಮಾಡಿ ಕೊಡೋಳಂತೆ. ಹಿಂಗಿರುವಾಗ ಮಳೆ ಹಿಡೀತು. ಆ ತುದೀಲಿ ಸಿರಿ ಒಬ್ಬಳೇ, ಗುಡುಗು ಅಂದ್ರೆ ಅವಳಿಗೆ ಚಿಕ್ಕಂದಿನಿಂದ ಭಯ. ಒಂದು ಮಧ್ಯಾಹ್ನ ಗುಡುಗಿಗೆ ಹೆದರಿ, ಅಕ್ಕಾ ಅಂತ ಕೂಗ್ತಾ ತೋಟಕ್ಕೇ ಇಳಿದುಬಿಟ್ಳಂತೆ. ಬಾವಿ ಹತ್ರ ಬರೋ ಹೊತ್ತಿಗೆ ಎರಡು ಕಾಲೂ ಹುಗಿದು, ಎಳೆಯೋಕೆ ಹೋಗಿ ಮಗುಚಿ ಬಿದ್ಳಂತೆ. ಹಾಲಮ್ಮ ಓಡಿ ಬಂದು, ತಾನೂ ಹುಗಿದು, ಅವಳನ್ನ ಮಗೂನ ಎಳೆದ ಹಂಗೆ ಕಂಕುಳಿಗೆ ಕೈ ಹಾಕಿ ಎಳ್ಕೊಂಡು ಮನೆಗೆ ತಂದ್ಳಂತೆ. ಬಸುರು ನಿಲ್ಲಲಿಲ್ಲ.

ಬೊಮ್ಮಯ್ಯ ದನದ ಕೊಟ್ಟಿಗೇಲಿ ಹೋಗಿ ಕೂತ. ಸಿರಿ ಗೋಡೆ ಕಡೆ ತಿರುಗಿ ಮಲಗಿದ್ಳು. ಹಾಲಮ್ಮ ಮಾತ್ರ ಹಿತ್ತಿಲ ಬಾಗಿಲಲ್ಲಿ ನಿಂತ್ಕೊಂಡು ಆ ಕೆಸರನ್ನೇ ನೋಡ್ತಾ, ಈ ಮಣ್ಣು ನನ್ನ ಮಗೂನ ತಿಂತು, ಇನ್ನೊಂದು ಸಲ ತಿನ್ನೋಕೆ ಬಿಡಲ್ಲ ಅಂದ್ಳಂತೆ. ನನ್ನ ಮಗು ಅಂತಾನೇ ಅಂದ್ಳಂತೆ.

ಮಳೆ ಕಳೀತು, ಬಿಸಿಲು ಬಂತು. ಆಮೇಲೆ ಹಾಲಮ್ಮ ತನ್ನ ಹಿತ್ತಿಲ ಬಾಗಿಲಿಂದ ಸಿರಿ ಬಾಗಿಲ ತನಕ ಕಲ್ಲು ಹಾಸೋಕೆ ಹೊರಟ್ಳಂತೆ. ಒಂದು ಕಲ್ಲಿಂದ ಇನ್ನೊಂದು ಕಲ್ಲಿಗೆ ಕಾಲಿಟ್ಕೊಂಡು ಹೋಗಬೇಕು, ಕೆಸರು ತಾಗಬಾರದು, ಹಂಗೆ. ಮೊದಲು ಗುಡ್ಡದ ಬುಡದಿಂದ ತೆಳ್ಳನೆ ಚಪ್ಪಡಿ ಆರಿಸಿ, ತಲೆ ಮೇಲೆ ಸಿಂಬಿ ಇಟ್ಟು ಹೊತ್ಕೊಂಡು ಬಂದು ಮಣ್ಣಿನ ಮೇಲೇ ಹಾಸಿದ್ಳಂತೆ. ಒಂದು ಅಡ್ಡಮಳೆ ಬಿತ್ತು, ಅಷ್ಟೂ ಚಪ್ಪಡಿ ನೆಲದೊಳಕ್ಕೆ ಹೋಗಿ, ಎಲ್ಲಿ ಹಾಸಿದ್ದೆ ಅಂತ ಹುಡುಕಿದ್ರೂ ಸಿಗಲಿಲ್ಲವಂತೆ. ಆಮೇಲೆ ಹಳ್ಳಕ್ಕೆ ಹೋಗಿ ದಪ್ಪ ದಪ್ಪ ಗುಂಡುಕಲ್ಲು ತಂದು ಇಟ್ಳಂತೆ. ಅವು ಮುಳುಗಲಿಲ್ಲ, ಆದರೆ ನೀರು ಬಿದ್ರೆ ಜಾರ್ತಿದ್ವು. ಅವಳೇ ಜಾರಿ ಬಿದ್ದು ಮೊಣಕೈ ಊದಿಸ್ಕೊಂಡ್ಳಂತೆ. ನನಗೇ ಹಿಂಗಾದ್ರೆ ಬಸುರಿ ಗತಿ ಏನು ಅಂತ ಅವನ್ನೆಲ್ಲ ಬೇಲಿ ಆಚೆ ಎಸೆದ್ಳಂತೆ.

ಬೊಮ್ಮಯ್ಯ ಹೂ ಬಿಡಿಸ್ತಾ ಬಿಡಿಸ್ತಾ ಇದನ್ನೆಲ್ಲ ನೋಡಿ, ಯಾಕಿಷ್ಟು ಒದ್ದಾಡ್ತೀಯೇ, ಮಳೆ ಎಷ್ಟು ದಿವಸ ಇರುತ್ತೆ ಅಂದ್ನಂತೆ. ಅವಳು ಕೇಳಲಿಲ್ಲ. ಮೂರನೇ ಸಲ, ಒಂದೊಂದು ಕಲ್ಲಿಗೂ ಮೊಣಕಾಲುದ್ದ ಗುಂಡಿ ತೋಡಿದ್ಳಂತೆ. ಗುಡ್ಡದಿಂದ ಬುಟ್ಟಿ ಬುಟ್ಟಿ ಗರಸು ಹೊತ್ತು ತಂದು ಗುಂಡಿಗೆ ಸುರಿದು, ನೀರು ಹಾಕಿ, ಒನಕೆ ತಗೊಂಡು ಗುದ್ದಿ ಗುದ್ದಿ ಗಟ್ಟಿ ಮಾಡಿ, ಅದರ ಮೇಲೆ ದಪ್ಪನೆ ಒರಟು ಕಲ್ಲು ಕೂರಿಸಿದ್ಳಂತೆ. ಉಗುರೆಲ್ಲ ಕಿತ್ತುಹೋದ್ವು. ಬೆರಳಲ್ಲಿ ದಾರ ಹಿಡಿಯೋಕಾಗದೆ ಕೆಲವು ತಿಂಗಳು ಹೂ ಕಟ್ಟೋದು ನಿಂತೇಹೋಯ್ತಂತೆ.

ಆ ಹೊತ್ತಿಗೆ ಸಿರಿ ಇನ್ನೊಂದು ಸಲ ಬಸುರಿ. ಕಲ್ಲು ಎಷ್ಟು ದೂರ ದೂರಕ್ಕೆ ಇಡಬೇಕು ಅಂತ ಹಾಲಮ್ಮ ಏನು ಮಾಡಿದ್ಳು ಗೊತ್ತಾ, ನೆಲಕ್ಕೆ ಒಂಚೂರು ನೀರು ಚಿಮುಕಿಸಿ, ಸಿರೀ, ನೀನು ನಿಧಾನಕ್ಕೆ ನಡ್ಕೊಂಡು ಬಾರೇ ಅಂದ್ಳಂತೆ. ಸಿರಿ ಹೊಟ್ಟೆ ಹಿಡ್ಕೊಂಡು ನಡೆದ್ಳು. ಅವಳ ಕಾಲಿನ ಗುರುತು ಎಲ್ಲೆಲ್ಲಿ ಬಿತ್ತೋ ಅಲ್ಲಲ್ಲೇ ಗುಂಡಿ ತೋಡಿ ಕಲ್ಲು ಕೂರಿಸಿದ್ಳಂತೆ. ಬಸುರಿ ಹೆಜ್ಜೆ, ಗಿಡ್ಡ ಗಿಡ್ಡ.

ಆಮೇಲೆ ಮುಂಗಾರು ಬಂತು. ಒಂದು ಸಾಯಂಕಾಲ ಧೋ ಅಂತ ಸುರೀತು. ಹಾಲಮ್ಮ ಒಲೆ ಉರಿ ಜೋರು ಮಾಡಿ, ಹುರುಳಿ ಹುರಿದು, ಮೊರಕ್ಕೆ ಸುರಿದು ಕೇರ್ತಾ ಕೂತಿದ್ಳಂತೆ. ಬೊಮ್ಮಯ್ಯ ಉಂಡು ಎದ್ದ. ಮೂಲೇಲಿದ್ದ ಗೋಣಿಕೊಪ್ಪೆ ತಲೆ ಮೇಲೆ ಹಾಕ್ಕೊಂಡ. ಎಲ್ಲಿಗೆ ಈ ಮಳೇಲಿ ಅಂತ ಹಾಲಮ್ಮ ಕೇಳಿದ್ರೆ, ನೀನು ಹಾಸಿದ ಕಲ್ಲಿದೆಯಲ್ಲೇ, ಎಂಥ ಅನುಕೂಲ ಮಾಡಿಕೊಟ್ಟೆ ಕಣೆ ಅಂದು ನಕ್ಕು ಹೋದ್ನಂತೆ. ಅವನದು ಉದ್ದನೆ ಕಾಲು, ಒಂದು ಕಲ್ಲು ಬಿಟ್ಟು ಒಂದು ಕಲ್ಲು ಮೆಟ್ಕೊಂಡು, ಕಾಲಿಗೆ ಒಂದು ತೊಟ್ಟು ಕೆಸರು ತಾಗದೆ ಆ ಕಡೆ ಸೇರಿಬಿಟ್ನಂತೆ. ಹಾಲಮ್ಮ ಮೊರ ಹಿಡ್ಕೊಂಡು ಹಂಗೇ ಕೂತಿದ್ಳು. ತನಗೆ ಅಂತ ಇದ್ದಿದ್ದು ಮಳೆಗಾಲ ಒಂದೇ, ಅದನ್ನೂ ತನ್ನ ಕೈಯಾರೆ ಕೊಟ್ಟುಬಿಟ್ಟೆ ಅಂತ ಅವಳಿಗೆ ಗೊತ್ತಾಗಿದ್ದು ಆವಾಗ.

ಏನು? ಹೋಗಬೇಡಿ ಅಂತ ಯಾಕೆ ಹೇಳಲಿಲ್ಲ ಅಂತೀಯಾ? ಹೆಂಗೆ ಹೇಳ್ತಾಳೆ ಕೂಸೇ, ಹಾಸಿದೋಳು ಅವಳೇ ಅಲ್ವಾ. ಕೇಳು.

ಸಿರಿಗೆ ಹೆಣ್ಣು ಮಗು ಹುಟ್ತು. ಕೆಂಪಗೆ ಇತ್ತು ಅಂತ ಕೆಂಚವ್ವ ಅಂತ ಹೆಸರಿಟ್ರಂತೆ, ಕೆಂಚಿ ಕೆಂಚಿ ಅನ್ನೋರಂತೆ. ಹುಟ್ಟಿದ ದಿವಸ ನೀರು ಹಾಕಿದ್ದು ಹಾಲಮ್ಮ. ಆ ಮಗು ನಡಿಯೋಕೆ ಕಲಿತಿದ್ದೇ ಆ ಕಲ್ಲಿನ ಮೇಲೆ. ಬೆಳಗಾಗೋದೇ ತಡ, ಕಪ್ಪೆ ಹಂಗೆ ಒಂದೊಂದೇ ಕಲ್ಲು ಕುಪ್ಪಳಿಸ್ಕೊಂಡು, ದೊಡ್ಡವ್ವಾ, ದೊಡ್ಡವ್ವಾ ಅಂತ ಕೂಗ್ತಾ ಬರ್ತಿತ್ತಂತೆ. ಹಾಲಮ್ಮ ತೊಡೆ ಮೇಲೆ ಕೂರಿಸ್ಕೊಂಡು ತಲೆ ಬಾಚಿ, ಹೂ ಮುಡಿಸಿ, ತುತ್ತು ಮಾಡಿ ಉಣ್ಣಿಸೋಳಂತೆ. ಬೆಳಗೆಲ್ಲ ಹಬ್ಬ. ಹೊತ್ತು ಮುಳುಗಿದ ಮೇಲೆ ಮಗೂನೂ ಆ ಕಡೆ, ಗಂಡನೂ ಆ ಕಡೆ.

ಬರ್ತಾ ಬರ್ತಾ ಹಾಲಮ್ಮನ ನಾಲಿಗೆ ಕಹಿಯಾಯ್ತು. ಸಿರಿ ಕಟ್ಟಿದ ಹೂ ಸಡಿಲ, ಸಿರಿ ಕಡೆದ ಮಜ್ಜಿಗೆ ನೀರು, ಸಿರಿ ಗುಡಿಸಿದ ಅಂಗಳ ಕಸ. ಒಂದು ದಿವಸ ಅಂತೂ, ಗಂಡನ್ನ ಕೊಟ್ಟೆ, ಮನೆ ಕೊಟ್ಟೆ, ನಿನ್ನ ಕಾಲಿಗೆ ಕೆಸರಾಗದೆ ಇರಲಿ ಅಂತ ಕಲ್ಲೂ ಹಾಸಿಕೊಟ್ಟೆ, ಇನ್ನೇನು ನನ್ನ ಪ್ರಾಣ ಕೊಡಬೇಕೇನೇ ಅಂದುಬಿಟ್ಳಂತೆ. ಸಿರಿ ಒಂದು ಸಲ ಅಕ್ಕನ ಮುಖ ನೋಡಿದ್ಳು, ಆಮೇಲೆ ಕೊಡ ಎತ್ಕೊಂಡು ಹೊರಟುಹೋದ್ಳಂತೆ.

ಬೊಮ್ಮಯ್ಯನಿಗೆ ಗಂಡುಮಗು ಬೇಕಿತ್ತು. ಒಂದು ಗಂಡಾಗಲಿ ಸಾಕು, ಒಂದು ಗಂಡಾಗಲಿ ಸಾಕು ಅನ್ನೋನಂತೆ. ಮೂರನೇ ಬಸುರು ನಿಲ್ತು. ಗಂಡೇ ಹುಟ್ತು, ಆದರೆ ಉಸಿರಿರಲಿಲ್ಲ. ಸಿರಿಗೂ ಉಸಿರು ಹೋಗಿ ಬಂದ ಹಂಗಾಗಿತ್ತು. ಸೂಲಗಿತ್ತಿ ಹೊರಗೆ ಬಂದು, ಜಗಲಿ ಅಂಚಲ್ಲಿ ಕೈ ತೊಳೀತಾ, ಬೊಮ್ಮಯ್ಯನಿಗೂ ಹಾಲಮ್ಮನಿಗೂ ಕೇಳೋ ಹಂಗೆ, ಇನ್ನೊಂದು ಸಲ ಹಿಂಗಾದ್ರೆ ನನ್ನ ಕರೀಬೇಡಿ, ಗುಂಡಿ ತೋಡೋರನ್ನ ಕರ್ಕೊಳ್ಳಿ ಅಂದ್ಳಂತೆ. ಬೊಮ್ಮಯ್ಯ ಹೂಂ ಹೂಂ ಅಂತ ತಲೆ ಆಡಿಸಿದ. ಕೆಲವು ದಿವಸ ಈ ಕಡೆನೇ ಇದ್ದ. ಆಮೇಲೆ ಒಂದು ಸಾಯಂಕಾಲ ಎಂದಿನ ಹಂಗೆ ಕೈ ತೊಳೆದು ಕಲ್ಲಿನ ಮೇಲೆ ಕಾಲಿಟ್ನಂತೆ.

ಸಿರಿ ಕೆಂಚೀನ ಎತ್ಕೊಂಡು ತವರಿಗೆ ಹೋದ್ಳಂತೆ. ತಾಯಿ ಒಂದಿಷ್ಟು ದಿವಸ ಉಣ್ಣಿಸಿ, ಅಕ್ಕ ಇರೋ ಮನೇಲಿ ನಿಂಗೇನೇ ಕಷ್ಟ, ಹೋಗವ್ವಾ ಅಂತ ಕಳಿಸಿದ್ಳಂತೆ. ಎರಡನೇ ಸಲ ಹೋದ್ಳು. ಬೊಮ್ಮಯ್ಯನೇ ಗಾಡಿ ಕಟ್ಕೊಂಡು ಬಂದು, ಒಂದು ಗದರಿಕೆ ಮಾತು ಆಡದೆ, ದಾರೀಲಿ ಬಳೆ ಇಡಿಸಿ ಕರ್ಕೊಂಡು ಬಂದ್ನಂತೆ. ಊರೋರೆಲ್ಲ ಎಂಥ ಒಳ್ಳೆ ಗಂಡ ಅಂದ್ರಂತೆ.

ಮೂರನೇ ಸಲ ಸಿರಿ ತವರಿಗೆ ಹೋಗಲಿಲ್ಲ. ಅವತ್ತು ಸಂತೆ, ಬೊಮ್ಮಯ್ಯ ಊರಲ್ಲಿರಲಿಲ್ಲ. ಆಕಾಶ ಕಪ್ಪಾಗಿತ್ತು, ಮುಂಗಾರಿನ ಮೊದಲ ಮೋಡ. ಹಾಲಮ್ಮ ಹಿತ್ತಿಲ ಬಾಗಿಲಲ್ಲಿ ಕೂತು ಹೂ ಕಟ್ತಿದ್ಳಂತೆ. ಸಿರಿ ಕಲ್ಲಿನ ಮೇಲೆ ನಡ್ಕೊಂಡು ಬಂದು ಎದುರಿಗೆ ನಿಂತು, ಅಕ್ಕಾ, ಈ ಕಲ್ಲು ಕಿತ್ತುಹಾಕು ಅಂದ್ಳಂತೆ.

ಹಾಲಮ್ಮನಿಗೆ ಮೈ ಉರೀತು. ಏನಂದೆ? ನನ್ನ ಉಗುರು ಕಿತ್ತುಹೋಗಿದ್ದು ಯಾರಿಗೋಸ್ಕರ ಅಂತ ಗೊತ್ತೇನೇ ನಿಂಗೆ? ನಿನ್ನ ಹೆಜ್ಜೆ ಅಳೆದು ಹಾಸಿದ್ದೀನಿ ಅಂದ್ಳಂತೆ.

ಗೊತ್ತು ಅಂದ್ಳಂತೆ ಸಿರಿ. ನೀನು ಕಲ್ಲು ಹಾಸೋಕ್ಮುಂಚೆ ಮಳೆಗಾಲದಲ್ಲಿ ಭಾವ ಆ ಕಡೆ ಬರ್ತಿರಲಿಲ್ಲ ಅಕ್ಕಾ. ಬಾಗಿಲು ಹಾಕ್ಕೊಂಡು ನಾನೊಬ್ಬಳೇ ಕಾಲು ಚಾಚಿ ಮಲಗ್ತಿದ್ದೆ. ಗುಡುಗಿಗೆ ಹೆದರ್ತಿದ್ದೆ ನಿಜ, ಆದರೂ ಮಳೆ ನಿಲ್ಲದೆ ಇರಲಿ ಅಂತ ದೇವರಿಗೆ ಕೈ ಮುಗೀತಿದ್ದೆ. ವರ್ಷಕ್ಕೆ ಅಷ್ಟು ದಿವಸ ಆದರೂ ನನಗೆ ಉಸಿರಾಡೋಕೆ ಇತ್ತು. ನೀನು ಕಲ್ಲು ಹಾಸಿಬಿಟ್ಟೆ.

ಹಾಲಮ್ಮನ ಕೈಯಲ್ಲಿದ್ದ ದಾರ ಹಂಗೇ ನಿಂತುಹೋಯ್ತಂತೆ. ಮಳೆಗಾಲಕ್ಕೆ ಕಾಯ್ತಿದ್ದಿದ್ದು ತಾನೊಬ್ಬಳೇ ಅಂದ್ಕೊಂಡಿದ್ಳು ಅವಳು. ಮೊದಲೇ ಯಾಕೆ ಬಾಯಿ ಬಿಡಲಿಲ್ಲವೇ, ಮದುವೆಗೆ ಮುಂಚೇನೇ ಬೇಡ ಅನ್ನಬಾರದಾಗಿತ್ತಾ ಅಂದ್ಳಂತೆ. ಅದಕ್ಕೆ ಸಿರಿ, ನನ್ನ ಯಾರು ಕೇಳಿದ್ರಕ್ಕಾ? ನೀನು ಅವ್ವನ್ನ ಕೇಳಿದೆ, ಭಾವನ್ನ ಕೇಳಿದೆ ಅಂದ್ಳಂತೆ, ಕೂಗಾಡಲಿಲ್ಲ, ಅಳಲಿಲ್ಲ, ಇವತ್ತು ಸಾರಿಗೆ ಉಪ್ಪಿಲ್ಲ ಅಂತ ಹೇಳೋ ಹಂಗೆ ಹೇಳಿದ್ಳಂತೆ.

ಆಮೇಲೆ ತಾನು ಯೋಚಿಸಿದ್ದನ್ನ ಹೇಳಿದ್ಳು. ಹೊಳೆ ಆಚೆ ಅವರ ಸೋದರತ್ತೆ ಒಬ್ಬಳು ಕಂಬಳಿ ನೇಯ್ಕೊಂಡು ಒಬ್ಬಳೇ ಇದ್ಳಂತೆ, ಅಲ್ಲಿಗೆ ಹೋಗ್ತೀನಿ ಅಂದ್ಳು. ಮೇಲ್ಗಡೆ ಮಳೆ ಶುರುವಾಗಿದೆ, ಇವತ್ತು ಹೊಳೇಲಿ ಹರಿಗೋಲು ಹಾಕ್ತಾರೆ, ನಾಳೆ ಹೊಳೆ ತುಂಬಿದ್ರೆ ಮಳೆಗಾಲ ಮುಗಿಯೋ ತನಕ ಯಾರೂ ದಾಟೋಕಾಗಲ್ಲ. ಆದರೆ ಸಾಯಂಕಾಲ ಭಾವ ಮನೆಗೆ ಬಂದು ನಾನಿಲ್ಲ ಅಂತ ನೋಡಿದ್ರೆ ಆಗಲೇ ಹೊಳೆಗೆ ಓಡ್ತಾರೆ, ಅಂಬಿಗನ್ನ ಎಬ್ಬಿಸ್ತಾರೆ. ಇವತ್ತೊಂದು ದಿವಸ ಅವರನ್ನ ಈ ಕಡೆನೇ ಇರಿಸ್ಕೋ ಅಕ್ಕಾ ಅಂದ್ಳಂತೆ.

ಹಾಲಮ್ಮ ಕೇಳಿದ್ದು ಒಂದೇ ಮಾತು. ಕೆಂಚಿ?

ನನ್ನ ಜೊತೆ ಅಂದ್ಳು ಸಿರಿ.

ಬಿಟ್ಟು ಹೋಗೇ, ನಾನು ಕಣ್ಣಲ್ಲಿ ಕಣ್ಣಿಟ್ಟು ಸಾಕ್ತೀನಿ ಅಂತ ಹಾಲಮ್ಮ ಅವಳ ಕೈ ಹಿಡ್ಕೊಂಡ್ಳಂತೆ. ಸಿರಿ ಆ ಕೈ ಬಿಡಿಸ್ಕೊಳ್ಳಲಿಲ್ಲ. ಅವಳನ್ನ ಬಿಟ್ಟು ಹೋದ್ರೆ ನಾನು ವಾಪಸ್ ಬಂದೇ ಬರ್ತೀನಿ ಅಕ್ಕಾ, ನನ್ನ ಕಾಲು ಅಲ್ಲಿ ನಿಲ್ಲಲ್ಲ, ಬಂದ್ರೆ ಸಾಯ್ತೀನಿ ಅಂದ್ಳಂತೆ.

ನೋಡು ಕೂಸೇ, ಹಾಲಮ್ಮ ಆವಾಗ ಏನೂ ಮಾಡದೆ ಸುಮ್ಮನೆ ಹೂ ಕಟ್ತಾ ಕೂತಿದ್ರೂ ಆಗ್ತಿತ್ತು. ಬೊಮ್ಮಯ್ಯ ಹೊಳೆ ತನಕ ಹೋಗಿ ಕರ್ಕೊಂಡು ಬರ್ತಿದ್ದ. ಕೆಂಚಿ ಬೆಳಿಗ್ಗೆ ಎದ್ದು ದೊಡ್ಡವ್ವಾ ಅಂತ ಬರ್ತಿತ್ತು. ಇನ್ನೊಂದು ವರ್ಷ, ಎರಡು ವರ್ಷ, ಸೂಲಗಿತ್ತಿ ಹೇಳಿದ ಹಂಗೆ ಆಗ್ತಿತ್ತು. ಆಮೇಲೆ ಆ ಮಗು ತನ್ನನ್ನೇ ಅವ್ವ ಅಂತಿತ್ತು. ಆ ಯೋಚನೆ ಹಾಲಮ್ಮನಿಗೆ ಬಂತಂತೆ. ಬರಲಿಲ್ಲ ಅಂತ ನಾನು ಯಾಕೆ ಸುಳ್ಳು ಹೇಳಲಿ. ಬಂತು, ಬಂದು ಒಂಚೂರು ಹೊತ್ತು ನಿಂತುಕೊಳ್ತು. ಅದು ಎದೇಲಿ ನಿಂತಿದ್ದನ್ನ ನೋಡಿ ಅವಳಿಗೇ ಹೇಸಿಗೆಯಾಗಿ, ಧಡಕ್ಕನೆ ಎದ್ದು ಒಳಗೆ ಹೋಗಿ ಹಾರೆ ತಂದ್ಳಂತೆ.

ಹೋಗು ಅಂದ್ಳಂತೆ. ಮಗೂನ ಒಂದು ಸಲ ಕಳಿಸು.

ಕೆಂಚಿ ಕುಪ್ಪಳಿಸ್ಕೊಂಡು ಬಂತು. ಹಾಲಮ್ಮ ಕಟ್ಟಿಟ್ಟ ಮಾಲೇಲಿ ಒಂದು ಗೇಣು ಕತ್ತರಿಸಿ ಮುಡಿಸಿ, ಬೆಲ್ಲದುಂಡೆ ಒಂದನ್ನ ಅದರ ಲಂಗಕ್ಕೆ ಗಂಟು ಹಾಕಿದ್ಳಂತೆ. ದೊಡ್ಡವ್ವಾ, ನಾವು ಹರಿಗೋಲಲ್ಲಿ ಹೋಗ್ತೀವಂತೆ, ನೀನೂ ಬಾ ಅಂತು ಮಗು. ಮುಂದೆ ಹೋಗಿರಿ, ಹೂ ಕಟ್ಟಿ ಮುಗಿಸಿ ಬರ್ತೀನಿ ಅಂದ್ಳಂತೆ ಹಾಲಮ್ಮ. ಸಿರಿ ಮಗೂನ ಎತ್ಕೊಂಡ್ಳು. ಹೊರಡೋಕ್ಮುಂಚೆ ಅಕ್ಕನ ಕಡೆ ನೋಡಿ, ನೀನು ಮಾಡಿದ್ದೆಲ್ಲ ನನ್ನ ಮೇಲಿನ ಆಸೆಯಿಂದಾನೇ ಅಂತ ಗೊತ್ತು ಅಕ್ಕಾ, ಅದಕ್ಕೇ ನಿನ್ನ ಬೈಯೋಕೂ ಆಗಲ್ಲ ನನಗೆ, ಬೈದಿದ್ರೆ ಹಗುರ ಆಗ್ತಿತ್ತು ಅಂದ್ಳಂತೆ. ಕಾಲಿಗೆ ಬೀಳಲಿಲ್ಲ. ಹೋಗಿ ಬರ್ತೀನಿ ಅಂತಲೂ ಅನ್ನಲಿಲ್ಲ.

ಅವಳು ಆ ಕಡೆ ಬಾಗಿಲು ಸೇರಿ ಮರೆಯಾದ ಮೇಲೆ ಹಾಲಮ್ಮ ಬಾವಿ ಹತ್ರದಿಂದ ಶುರು ಮಾಡಿ ಕಲ್ಲು ಕೀಳ್ತಾ ಬಂದ್ಳಂತೆ. ಎಷ್ಟು ಗಟ್ಟಿಯಾಗಿ ಗುದ್ದಿದ್ಳು ಅಂದ್ರೆ ಹಾರೆ ಹಾಕಿ ಮೈಯೆಲ್ಲ ಭಾರ ಬಿಟ್ರೂ ಮಿಸುಕ್ತಿರಲಿಲ್ಲವಂತೆ. ತನ್ನ ಕೆಲಸಕ್ಕೆ ತಾನೇ ಶಾಪ ಹಾಕ್ತಾ, ಒಂದೊಂದು ಎಬ್ಬಿಸಿ ಉರುಳಿಸಿ, ಗರಸನ್ನ ಕೆದಕಿ ಮಣ್ಣು ಮುಚ್ಚಿ, ಕೊನೇ ಕಲ್ಲು ಎದ್ದು ಬರೋ ಹೊತ್ತಿಗೆ ಮಳೆ ಶುರುವಾಯ್ತಂತೆ.

ಹೊತ್ತು ಮುಳುಗೋಕೆ ಬೊಮ್ಮಯ್ಯ ನೆನೆದು ಬಂದ. ಉಂಡ, ಕೊಪ್ಪೆ ಹಾಕ್ಕೊಂಡ, ಹಿತ್ತಿಲ ಬಾಗಿಲು ತೆಗೆದು ಕಾಲಿಟ್ಟ, ಮೊಣಕಾಲ ತನಕ ಹುಗಿದುಹೋಯ್ತು. ಅಯ್ಯೋ, ಕಲ್ಲೆಲ್ಲಿ ಹೋದ್ವೇ ಅಂದ್ನಂತೆ. ಅಲ್ಲಾಡ್ತಿದ್ವು, ಸರಿ ಮಾಡೋಣ ಅಂತ ಕಿತ್ತಿದ್ದೆ, ಅಷ್ಟರಲ್ಲಿ ಮಳೆ ಹಿಡೀತು ಅಂದ್ಳಂತೆ ಹಾಲಮ್ಮ. ಗೊಣಗ್ತಾ ಕಾಲು ತೊಳ್ಕೊಂಡು ಬಂದು ಒಲೆ ಮುಂದೆ ಕೂತ. ಅವಳು ಹುರುಳಿ ಹುರಿದು ಕೊಟ್ಳು. ಅವನು ಒಂದೊಂದೇ ಬಾಯಿಗೆ ಹಾಕ್ಕೊಳ್ತಾ, ಈ ಸಲ ಸೇವಂತಿಗೆ ಚೆನ್ನಾಗಿ ಬರುತ್ತೆ ಕಣೆ, ಮುಂದೆ ಗಂಡಾದ್ರೆ ನಮ್ಮಪ್ಪನ ಹೆಸರಿಡೋಣ ಕಣೆ ಅಂತ ಮಾತಾಡಿದ್ನಂತೆ. ಅವಳು ಹೂಂ ಹೂಂ ಅಂತಿದ್ಳು. ಅವನು ಮಾತಾಡ್ತಾ ಆಡ್ತಾ ಅಲ್ಲೇ ಮಲಗಿ ನಿದ್ದೆ ಹೋದ. ಹೊರಗೆ ಮಳೆ, ಒಳಗೆ ಗಂಡ. ಹಾಲಮ್ಮನಿಗೆ ಮಾತ್ರ ಆ ಕಡೆ ಮನೇಲಿ ದೀಪ ಇಲ್ಲ ಅನ್ನೋದೊಂದೇ ಗೊತ್ತಿದ್ದಿದ್ದು.

ಮಾರನೇ ದಿವಸ ಅವನು ಹೆಂಗೋ ಈಜಾಡ್ಕೊಂಡು ಆ ಕಡೆ ಹೋಗಿ ನೋಡಿ, ಮೈಯೆಲ್ಲ ಕೆಸರಾಗಿ ವಾಪಸ್ ಬಂದು, ಅವರೆಲ್ಲೇ ಅಂದ್ನಂತೆ. ಹಾಲಮ್ಮ ಇನ್ನು ಸುಳ್ಳು ಹೇಳಲಿಲ್ಲ. ನಾನೇ ಕಳಿಸಿದೆ, ಕಲ್ಲು ಕಿತ್ತಿದ್ದೂ ಅದಕ್ಕೇ ಅಂದ್ಳಂತೆ. ಹೊಡೆಯೋಕೆ ಕೈ ಎತ್ತಿದ. ಅವಳು ಅಲ್ಲಾಡದೆ ನಿಂತಿದ್ಳು. ಆಮೇಲೆ ಕೈ ಇಳಿಸಿ ಹೊಳೆಗೆ ಓಡಿದ. ಹೊಳೆ ದಡ ಮೀರಿ ಹರೀತಿತ್ತು. ಮಳೆಗಾಲ ಮುಗಿದ ಮೇಲೆ ಸೋದರತ್ತೆ ಮನೆಗೆ ಹೋದ್ರೆ, ಬಂದಿದ್ರಪ್ಪ, ಉಣ್ಣೆ ಮಾರೋರ ಜೊತೆ ಮುಂದಕ್ಕೆ ಹೋದ್ರು, ಯಾವೂರೋ ನನಗೆ ತಿಳೀದು ಅಂದ್ಳಂತೆ ಆ ಮುದುಕಿ. ಮೂರು ಸಲ ಮೂರು ದಿಕ್ಕಿಗೆ ಹುಡುಕ್ಕೊಂಡು ಹೋಗಿ ಬರಿಗೈಲಿ ಬಂದ್ನಂತೆ. ತವರಲ್ಲಿ ತಾಯಿ, ನಿನಗೆ ಒಬ್ಬಳನ್ನ ಕೊಟ್ಟೆ, ಈಗ ನನಗೆ ಇಬ್ಬರೂ ಇಲ್ಲ ಅಂತ ಹಾಲಮ್ಮನಿಗೆ ಬಾಗಿಲು ಮುಚ್ಚಿದ್ಳಂತೆ. ಬೊಮ್ಮಯ್ಯ ಇನ್ನೊಂದು ಹೆಣ್ಣು ಕೇಳಿಸಿದ. ಮೊದಲನೆಯೋಳು ಎರಡನೆಯೋಳನ್ನ ನುಂಗಿದ ಮನೆ ಅಂತ ಯಾರೂ ಕೊಡಲಿಲ್ಲವಂತೆ.

ಆಮೇಲೆ ಏನು, ಕಾಲ ಹೋಗ್ತಾ ಹೋಗ್ತಾ ಮಾತು ಬಿಟ್ಟೋನು ಮಾತಾಡಿದ. ಆ ಕಡೆ ಮನೆ ಸೂರು ಕುಸೀತು. ಕಿತ್ತ ಕಲ್ಲು ಬಾವಿ ಹತ್ರ ಬಿದ್ದಿದ್ವು, ಹಾಲಮ್ಮ ಅದರ ಮೇಲೇ ಬಟ್ಟೆ ಒಗೆಯೋಳು. ಅವನು ಹೂ ಬಿಡಿಸೋನು, ಅವಳು ಕಟ್ಟೋಳು. ಇಬ್ರಿಗೂ ತಲೆ ಬೆಳ್ಳಗಾಯ್ತು.

ಒಂದು ದಿವಸ ಬಳೆಗಾರ ಬಂದ್ನಂತೆ, ದೇಶ ಸುತ್ತೋನು. ಹಾಲಮ್ಮನ ಕೈಗೆ ಬಳೆ ಏರಿಸ್ತಾ, ಹೊಳೆ ಆಚೆ ದೂರದ ಪೇಟೇಲಿ ಒಬ್ಬಳು ಹೂ ಮಾರೋಳಿದ್ದಾಳವ್ವ, ಸಿರಿಯಮ್ಮ ಅಂತ, ಮುಖ ನಿಮ್ಮ ಹಂಗೇ, ಅವಳ ಮಗಳು ಕೆಂಚವ್ವನಿಗೆ ಬರೋ ಸೋಮವಾರ ಮದುವೆ, ಬಳೆ ಇಟ್ಟು ಬಂದೆ ಅಂದ್ನಂತೆ. ಹಾಲಮ್ಮ ಮೆಲ್ಲಗೆ, ಆ ಹುಡುಗಿ ಕೈ ಹೆಂಗಿದೆ ಅಂತ ಕೇಳಿದ್ಳಂತೆ. ಮೆತ್ತಗಿದೆ ತಾಯಿ, ಬಳೆ ಹಂಗೇ ಜಾರ್ಕೊಂಡು ಹೋದ್ವು ಅಂದ್ನಂತೆ. ಅವಳ ತಾಯಿ ಏನಾದ್ರೂ ಹೇಳಿ ಕಳಿಸಿದ್ಳಾ ಅಂದ್ಳು. ಬಳೆಗಾರ ಮುಖ ಕೆಳಗೆ ಹಾಕ್ಕೊಂಡು, ಆ ಕಡೆ ಹೋಗ್ತೀನಿ, ಯಾರಿಗಾದ್ರೂ ಏನಾದ್ರೂ ಹೇಳಬೇಕಾ ಅಂತ ನಾನಾಗೇ ಕೇಳಿದೆ ತಾಯಿ, ಆಯಮ್ಮ ಒಂದು ಮಾಲೆ ಪೂರ್ತಿ ಕಟ್ಟಿ ಮುಗಿಸಿದ್ರು, ಏನೂ ಅನ್ನಲಿಲ್ಲ ಅಂದ್ನಂತೆ.

ಸೋಮವಾರ ಬಂತು. ಹಾಲಮ್ಮ ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕ್ಕೊಂಡು, ಬೇಳೆ ಬೇಯಿಸಿ, ಬೆಲ್ಲ ಹಾಕಿ ಹೂರಣ ರುಬ್ಬಿ, ಹೋಳಿಗೆ ತಟ್ಟಿದ್ಳಂತೆ. ಬೊಮ್ಮಯ್ಯ ಎಲೆ ಮುಂದೆ ಕೂತು, ಇವತ್ತೇನೇ ಹಬ್ಬ ಅಂದ್ನಂತೆ. ಹಬ್ಬ ಏನಿಲ್ಲ, ಬೇಳೆ ಇತ್ತು, ಬೆಲ್ಲ ಇತ್ತು, ಮಾಡಿದೆ ಅಂದ್ಳಂತೆ. ಅವನು ತುಪ್ಪ ಹಾಕಿಸ್ಕೊಂಡು ತಿಂದ, ಚೆನ್ನಾಗಿ ಬಂದಿದೆ ಕಣೆ, ಇನ್ನೊಂದು ಹಾಕು ಅಂದ. ಇನ್ನೊಂದು ಹಾಕಿದ್ಳು. ಆಮೇಲೆ ತಾನೂ ಒಂದು ಎಲೆ ಹಾಕ್ಕೊಂಡು ಎದುರಿಗೆ ಕೂತು ಉಂಡ್ಳಂತೆ.

ಅವರು ಅಲ್ಲಿ ಸುಖವಾಗಿದ್ರಂತೆ. ಇವರು ಇಲ್ಲಿ ಇದ್ರಂತೆ. ಕತೆ ಅಷ್ಟೇ ಕೂಸೇ, ಆಗಿಹೋಯ್ತು.